ಕಾಲೇಜಿನ ಮನೆ ನೋಡಲು ಹೋದವರು

ಆ ನಾಯಿ ವಾಪಸ್ ಬಂತೇನ್ರೀ ಎಂದು ತಾನು ಕೇಳಬಾರದಿತ್ತು. ಬಸ್ಸು ಶಿಕಾರಿಪುರ ಬಿಟ್ಟು ಕೆರೆಯ ಏರಿ ದಾಟುತ್ತಿದ್ದಾಗ ಮಹೇಶ್ವರಪ್ಪನಿಗೆ ಅದು ಮತ್ತೆ ನೆನಪಾಗಿ ಕಿವಿ ಬಿಸಿಯಾಯಿತು. ಹೋದ ಭಾನುವಾರದ ಮಾತು. ಹೈಸ್ಕೂಲಿನ ಹೆಡ್‌ಮಾಸ್ತರರು ಮೊದಲ ವರ್ಷದ, ಅಂದರೆ ನಾಲ್ಕನೇ ಫಾರಮ್ಮಿನ, ಮಕ್ಕಳ ತಂದೆಯರನ್ನೆಲ್ಲ ಕರೆಸಿ, ಮಕ್ಕಳು ಕೂರುವ ಬೆಂಚಿನ ಮೇಲೆಯೇ ಕೂರಿಸಿ, ಬರುವ ಜೂನ್‌ನಲ್ಲಿ ಐದನೇ ಫಾರಮ್ಮಿಗೆ ಹೋಗುವವರು ಯಾವ ಆಪ್ಷನಲ್ ಹಿಡಿಯಬೇಕೆಂದು ಈಗಲೇ ಯೋಚಿಸಿ ಎಂದಿದ್ದರು. ಚರಿತ್ರೆ ಹಿಡಿದರೆ ಒಂದು ದಾರಿ, ಗಣಿತ-ವಿಜ್ಞಾನ ಹಿಡಿದರೆ ಇನ್ನೊಂದು. ದಾರಿ ಕವಲೊಡೆಯುವುದು ಕಾಲೇಜಿನ ಬಾಗಿಲಲ್ಲಲ್ಲ, ಇಲ್ಲಿ, ಈ ಬೆಂಚಿನ ಮೇಲೆ. ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ ಎಂದವರ ಮಕ್ಕಳು ಆಮೇಲೆ ನೋಡುತ್ತಲೇ ಇರುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಉಮೇದು ಬಂದು, ರಷ್ಯಾದವರು ಒಂದು ನಾಯಿಯನ್ನು ಆಕಾಶಕ್ಕೆ ಕಳಿಸಿದ್ದಾರೆ, ನಾವು ನಮ್ಮ ಮಕ್ಕಳನ್ನು ಶಿವಮೊಗ್ಗಕ್ಕೆ ಕಳಿಸಲು ಹೆದರಿ ಕೂತಿದ್ದೇವೆ ಎಂದಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದಾಗ ಮಹೇಶ್ವರಪ್ಪನೊಬ್ಬ ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳಿಬಿಟ್ಟಿದ್ದ. ಹಿಂದಿನ ಬೆಂಚಿನಲ್ಲಿದ್ದ ಬೆನಕಪ್ಪ ಫಕ್ಕನೆ ನಕ್ಕ. ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ಹೆಡ್‌ಮಾಸ್ತರರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, 'ಇಲ್ಲ ಮಹೇಶ್ವರಪ್ಪನವರೇ, ಬರಲಿಲ್ಲ' ಎಂದರು. ಆಗ ಯಾರೂ ನಗಲಿಲ್ಲ.

ಅದಕ್ಕಿಂತ ದೊಡ್ಡ ಪೆದ್ದುತನ ಆಮೇಲೆ ಆದದ್ದು. ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದ ಹೆಡ್‌ಮಾಸ್ತರರು ಇವನ ಎದುರು ನಿಂತು, 'ನಿಮ್ಮ ಸರ್ವಮಂಗಳ ಲೆಕ್ಕದಲ್ಲಿ ಹುಡುಗರ ಕಣ್ಣಲ್ಲಿ ನೀರು ಬರಿಸ್ತಾಳೆ. ಸೈನ್ಸ್ ಕೊಡಿಸಿ, ಕಾಲೇಜಿಗೆ ಕಳಿಸಿ. ಏನಂತೀರಿ?' ಎಂದು ಕೇಳಿದ್ದರು. ಹೆಣ್ಣುಮಗಳನ್ನು ಕೇಳಿಕೊಂಡು ಬಂದು ಯಾರಾದರೂ ಏನಂತೀರಿ ಎಂದರೆ ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಹೇಳಿಕೊಂಡು ಬಂದ ಉತ್ತರ ಒಂದೇ. ನಾಲಿಗೆಗೆ ಅಂಟಿಕೊಂಡಿದ್ದ ಆ ಮಾತು ಅವನನ್ನು ಕೇಳದೆಯೇ ಹೊರಗೆ ಬಂತು: 'ಮನೆ ನೋಡ್ಕಂಡು ಬಂದು ಹೇಳ್ತೀನ್ರಿ ಸಾರ್.' ಈ ಸಲ ನಕ್ಕ ನಗುವಿಗೆ ಕಿಟಕಿಯ ಹೊರಗೆ ಮೇಯುತ್ತಿದ್ದ ಕತ್ತೆ ಕೂಡ ತಲೆಯೆತ್ತಿತು. ಬೆನಕಪ್ಪ ತೊಡೆ ತಟ್ಟಿಕೊಂಡು, 'ಕಾಲೇಜು ಯಾವ ಕುಲ, ಯಾವ ಬೆಡಗು, ಅದನ್ನೂ ಕೇಳು ಮಾರಾಯ' ಎಂದ. ಮಹೇಶ್ವರಪ್ಪ ಜವಳಿ ಅಂಗಡಿ ನಡೆಸುವವನು, ದಿನವಿಡೀ ಜನರ ಮಾತು ಕೇಳುವವನು. ಆದರೂ ಆ ಹೊತ್ತು ಅವನಿಗೆ ಮಗಳ ಬೆಂಚಿನ ಮೇಲೆ ಮಗಳ ವಯಸ್ಸಿನವನಾಗಿಯೇ ಕೂತ ಹಾಗಾಗಿ, ಬೆಂಚಿನ ಮೇಲೆ ಯಾರೋ ಕೊರೆದಿದ್ದ ಬಾಣವನ್ನು ಬೆರಳಿನಿಂದ ತಿದ್ದುತ್ತ ಉಳಿದ.

ಆದರೆ ಸಭೆ ಮುಗಿದು ಎಲ್ಲರೂ ಎದ್ದಾಗ ಹೆಡ್‌ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿಕೊಂಡರು. 'ನೀವು ಹೇಳಿದ್ದು ತಪ್ಪಲ್ಲ ಕಣ್ರೀ. ನೋಡಬೇಕು. ಆದರೆ ಕಾಲೇಜಿಗೆ ಹೋದರೆ ಗೋಡೆ ನೋಡಿ ಬರ್ತೀರಿ. ಅಲ್ಲಿ ಓದಿ ಬಂದ ಹುಡುಗಿಯ ಮನೆ ನೋಡಿ. ಸೊರಬದಲ್ಲಿ ನನ್ನ ಶಿಷ್ಯೆ ಇದಾಳೆ, ನರ್ಮದಾ ಅಂತ. ಮೈಸೂರಲ್ಲಿ ಬಿ.ಎಸ್ಸಿ. ಮಾಡಿ ಈಗ ಟೀಚರು. ಯುಗಾದಿ ಒಳಗೆ ಹೋಗಿ ಬನ್ನಿ' ಎಂದರು. ಯುಗಾದಿ ಎಂದ ಕೂಡಲೇ ಮಹೇಶ್ವರಪ್ಪನಿಗೆ ಅದೇ ಯುಗಾದಿಯ ಇನ್ನೊಂದು ಗಡುವು ನೆನಪಾಯಿತು. ಜಡೆ ಎಂಬ ಊರಿನಿಂದ ಸರ್ವಮಂಗಳಳಿಗೆ ಒಂದು ಸಂಬಂಧ ಬಂದಿತ್ತು. ಅವರೂ ಯುಗಾದಿಯೊಳಗೆ ಹೌದು ಅಲ್ಲ ಹೇಳಿ ಎಂದು ಹೇಳಿಕಳಿಸಿದ್ದರು. ಅಂದರೆ ಹುಡುಗಿ ಒಬ್ಬಳು, ಕೇಳಿಕೊಂಡು ಬಂದ ಮನೆ ಎರಡು. ಎರಡಕ್ಕೂ ಹೌದು ಎನ್ನುವ ಹಾಗಿರಲಿಲ್ಲ. ಅವನಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಕೈಯಲ್ಲಿ ಮಗಳ ಬದುಕು ಇದೆ ಎಂಬುದು ಒಂದು ಮಾತಾಗಿ ಅಲ್ಲ, ಅಂಗೈಯಲ್ಲಿ ಹಿಡಿದ ಹಕ್ಕಿಮರಿಯ ಹಾಗೆ ಬೆಚ್ಚಗೆ ತಿಳಿಯಿತು.

ಪಕ್ಕದಲ್ಲಿ ಅಕ್ಕ ವೀರಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ರೊಟ್ಟಿ-ಶೇಂಗಾ ಚಟ್ನಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಮನೆಯ ಹಿರೇತನವನ್ನು ಯಾರೂ ಕೊಡದೆಯೇ ತೆಗೆದುಕೊಂಡಿದ್ದಳು. ಅವಳಿಲ್ಲದೆ ಈ ವಂಶದಲ್ಲಿ ಯಾವ ಮನೆಯನ್ನೂ ಯಾರೂ ನೋಡಿದ್ದಿಲ್ಲ. ಸೊರಬದ ವಿಷಯ ಹೇಳಿದಾಗ ಅವಳು ಬೈಯಬಹುದೆಂದು ಮಹೇಶ್ವರಪ್ಪ ಎಣಿಸಿದ್ದ. ಅವಳು ಬೈಯದೆ, 'ಹೋಗಾಣ. ಬೆಳಿಗ್ಗೆ ಸೊರಬ ನೋಡಾಣ, ಅಲ್ಲಿಂದ ಮಧ್ಯಾಹ್ನದ ಬಸ್ಸಿಗೆ ಜಡೆಗೆ ಹೋಗಿ ಅದನ್ನೂ ನೋಡಾಣ. ಎರಡೂ ನೋಡಿದ್ಮೇಲೆ ತಾನೇ ಯಾವ್ದು ಚಲೋ ಅಂತ ಗೊತ್ತಾಗಾದು' ಎಂದಿದ್ದಳು. ಅವಳ ಮನಸ್ಸಿನಲ್ಲಿ ಯಾವುದು ಚಲೋ ಎಂದು ಆಗಲೇ ಗೊತ್ತಾಗಿ ಹೋಗಿದೆ ಎಂಬುದು ಅವಳು ಸೊರಬಕ್ಕೆ ಬೆಳಿಗ್ಗೆಯ ಚೂರನ್ನೂ ಜಡೆಗೆ ಇಡೀ ಮಧ್ಯಾಹ್ನವನ್ನೂ ಕೊಟ್ಟದ್ದರಲ್ಲೇ ತಿಳಿಯುತ್ತಿತ್ತು. ಹೊರಡುವಾಗ ಹೆಂಡತಿ ಲೋಕಮ್ಮ, 'ನೋಡ್ಕಂಡ್ ಬರ್ರಿ' ಎಂದಷ್ಟೇ ಹೇಳಿ ಒಳಗೆ ಹೋದಳು. ಸರ್ವಮಂಗಳ ಬಾಗಿಲ ಮರೆಯಲ್ಲಿ ನಿಂತು ಅಪ್ಪನ ಚಪ್ಪಲಿಯನ್ನು ಸೆರಗಿನಿಂದ ಒರೆಸಿ ಇಟ್ಟಳು. ಎಡಗಾಲಿನದನ್ನು ಬಲಕ್ಕೆ, ಬಲಗಾಲಿನದನ್ನು ಎಡಕ್ಕೆ. ಲೆಕ್ಕದಲ್ಲಿ ಅಷ್ಟು ಚುರುಕಿನ ಹುಡುಗಿ. ಸಂಜೆ ಎಮ್ಮೆ ಕರೆಯುತ್ತ ಕೂತಾಗ ತ್ರಿಭುಜದ ಮೂರು ಕೋನ ಸೇರಿದರೆ ಎರಡು ಲಂಬಕೋನ ಯಾಕಾಗಬೇಕು ಎಂದು ಎಮ್ಮೆಗೆ ವಿವರಿಸುತ್ತಾಳೆ. ಎಮ್ಮೆ ಒಪ್ಪದಿದ್ದರೆ ಮತ್ತೆ ಮೊದಲಿನಿಂದ ಹೇಳುತ್ತಾಳೆ. ಅವನು ಕೊಟ್ಟಿಗೆಯ ಗೋಡೆಯಾಚೆ ನಿಂತು ಎಷ್ಟೋ ಸಂಜೆ ಅದನ್ನು ಕೇಳಿದ್ದಾನೆ. ಅರ್ಥವಾಗಿಲ್ಲ. ಆದರೆ ಅಷ್ಟು ಸುಖದ ದನಿಯನ್ನು ಅವನು ಇನ್ನೆಲ್ಲೂ ಕೇಳಿಲ್ಲ.

ಉಡುತಡಿಯಲ್ಲಿ ಬಸ್ಸು ನಿಂತಾಗ ಹತ್ತಬೇಕಾಗಿದ್ದವನು ಅಳಿಯ ಹುಚ್ಚರಾಯಪ್ಪ. ಮನೆ ನೋಡಲು ಇಬ್ಬರು ಹೋಗಬಾರದು, ಮೂವರಾಗಬೇಕೆಂದು ಅಕ್ಕ ಹೇಳಿಕಳಿಸಿದ್ದಳು. ಹತ್ತಿದವಳು ಹಿರಿಮಗಳು ಜಗದಾಂಬ. ಆಲೆಮನೆ ನಡೆಯುತ್ತಿದೆ, ಗಂಡ ಬೆಲ್ಲದ ಕೊಪ್ಪರಿಗೆ ಬಿಟ್ಟು ಬರುವ ಹಾಗಿಲ್ಲ, ಅತ್ತೆ ನೀನೇ ಹೋಗಿ ಬಾ ಅಂದರು ಎಂದು ಒಂದೇ ಉಸಿರಿಗೆ ಹೇಳಿ, ಅಪ್ಪನ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಳು. ಬೆಲ್ಲದ ಹೊಗೆಯ ವಾಸನೆ ಅವಳ ಸೀರೆಯಿಂದ ಬರುತ್ತಿತ್ತು. ಮಹೇಶ್ವರಪ್ಪ ಅವಳ ಅಂಗೈ ನೋಡದಿರಲು ಕಿಟಕಿಯ ಹೊರಗೆ ನೋಡಿದ. ಮೂರು ವರ್ಷದ ಹಿಂದೆ ಇದೇ ಊರಿಗೆ ಅಕ್ಕನ ಜತೆ ಅವಳಿಗಾಗಿ ಮನೆ ನೋಡಲು ಬಂದಿದ್ದ. ಕಂಬಗಳನ್ನು ತಟ್ಟಿ ನೋಡಿದ್ದ, ಕಣಜಕ್ಕೆ ಕೈ ಹಾಕಿದ್ದ, ಎತ್ತಿನ ಹಲ್ಲು ನೋಡಿದ್ದ. ಬಾವಿಯ ನೀರು ತರಿಸಿ ಕುಡಿದು, ಆಹಾ, ಎಳನೀರಿನ ಹಾಗಿದೆ ಎಂದು ಅಲ್ಲೇ ಒಪ್ಪಿದ್ದ. ಮೊದಲ ದೀಪಾವಳಿಗೆ ತವರಿಗೆ ಬಂದ ಮಗಳ ಅಂಗೈಯಲ್ಲಿ ಗಂಟು ಕಂಡು, ಇದೇನವ್ವ ಎಂದು ಕೇಳಿದರೆ ಅವಳು ನಕ್ಕು ಹೇಳಿದ್ದಳು: 'ನೀನು ನೀರು ಕುಡಿದು ನೋಡಿದೆ ಅಪ್ಪಾಜಿ. ಸೇದಿ ನೋಡ್ಲಿಲ್ಲ.' ಆ ಮನೆಯವರು ಕೆಟ್ಟವರಲ್ಲ. ಬೈಯುವವರಲ್ಲ, ಹೊಡೆಯುವವರಲ್ಲ. ಬಾವಿ ಆಳ, ಬಾಯಿ ಬಹಳ, ಅಷ್ಟೇ. ಹೆಂಗಸರು ಉಣ್ಣುವ ಹೊತ್ತಿಗೆ ಸಾರು ಆರಿರುತ್ತದೆ. ಜಗದಾಂಬ ಮಿಡಲ್ ಸ್ಕೂಲಿನ ಪರೀಕ್ಷೆಯಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಳು, ಆಗ ಅವನು ಬೀದಿಗೆಲ್ಲ ಸಕ್ಕರೆ ಹಂಚಿದ್ದ, ಹಂಚಿದ ಮರುತಿಂಗಳು ಶಾಲೆ ಬಿಡಿಸಿದ್ದ. ಆಗ ಎರಡೂ ಸಂತೋಷದಿಂದಲೇ ಮಾಡಿದ್ದ ಎಂಬುದು ಅವನಿಗೆ ಈಗ ಬಸ್ಸಿನ ಕುಲುಕಾಟದಲ್ಲಿ ವಿಚಿತ್ರವಾಗಿ ಕಂಡಿತು.

'ಕಾಲೇಜಿಗೆ ಮನೆ ನೋಡಾಕೆ ಹೊಂಟೀವಿ ಅಂದ್ರೆ ನಮ್ಮತ್ತೆ, ಹುಡುಗ ಎಷ್ಟು ಓದ್ಯಾನೆ ಅಂತ ಕೇಳಿದ್ರು' ಎಂದು ಜಗದಾಂಬ ಬಾಯಿಗೆ ಸೆರಗು ಹಿಡಿದು ನಕ್ಕಳು.

'ನೀನೇನಂದೆ?'

'ಎಲ್ಲಾ ಓದ್ಯಾನೆ, ಇನ್ನು ಓದಾಕೆ ಏನೂ ಉಳಿದಿಲ್ಲ ಅಂದೆ.'

ವೀರಮ್ಮ ನಗಲಿಲ್ಲ. ಆದರೆ ನಗದಿರಲು ಅವಳು ಗಂಟಿನ ಗಂಟು ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಸೊರಬದಲ್ಲಿ ಇಳಿದ ಮೇಲೆ ಅಕ್ಕ ಎಲ್ಲವನ್ನೂ ಕ್ರಮದಂತೆ ನಡೆಸಿದಳು. ಮನೆ ನೋಡುವವರು ನೆಟ್ಟಗೆ ಮನೆಗೆ ಹೋಗುವುದಿಲ್ಲ. ಮೊದಲು ಅಕ್ಕಪಕ್ಕದಲ್ಲಿ ವಿಚಾರಿಸಬೇಕು. ಬೀದಿಯ ಮೂಲೆಯ ವೀಳ್ಯದೆಲೆ ಅಂಗಡಿಯ ಗುತ್ಯಪ್ಪ ಎಲೆಗೆ ನೀರು ಚಿಮುಕಿಸುತ್ತ ಕೂತಿದ್ದ. ನರ್ಮದಾ ಟೀಚರ ಬಗ್ಗೆ ಕೇಳಿದ್ದೇ ತಡ, ಅವನು ಕೇಳದ್ದನ್ನೂ ಹೇಳಿದ. ಒಳ್ಳೆ ಜನ, ಹವ್ಯಕರು, ತಾಯಿ-ಮಗಳು ಇಬ್ಬರೇ. ಮಗಳು ಶಾಲೆಯಲ್ಲಿ ವಿಜ್ಞಾನ ಹೇಳ್ತಾರೆ, ಕಪ್ಪೆ ಕುಯ್ದು ತೋರಿಸ್ತಾರೆ. ಮದುವೆ ಆಗಿಲ್ಲ, ಆಗಲ್ಲ ಅಂತಲೂ ಇಲ್ಲ, ಕೇಳಿದ್ರೆ ನೋಡಣ ಅಂತಾರೆ. ಸೈಕಲ್ ಹೊಡೀತಾರೆ. 'ಮತ್ತೆ ಎಂತ ಗೊತ್ತುಂಟಾ, ಭಾರೀ ನಗ್ತಾರೆ ಮಾರಾಯ್ರೆ. ಒಳಗೆ ನಗಾಡಿದ್ರೆ ನನ್ನ ಅಂಗಡಿಗೆ ಕೇಳ್ತದೆ.' ಇದನ್ನು ಅವನು ದೂರಿನ ಹಾಗೆ ಹೇಳಿದನೋ ಹೊಗಳಿಕೆಯ ಹಾಗೆ ಹೇಳಿದನೋ ತಿಳಿಯಲಿಲ್ಲ. ವೀರಮ್ಮ ಮಾತ್ರ ಮುಂದಕ್ಕೆ ನಡೆಯುತ್ತ, 'ಕಪ್ಪೆ ಕುಯ್ತಾಳಂತೆ. ನಗ್ತಾಳಂತೆ' ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಳು.

ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಸೈಕಲ್ಲು ನಿಂತಿತ್ತು. ಒಳಗಿನಿಂದ ಬಂದ ಹೆಂಗಸು ಉದ್ದಕ್ಕಿದ್ದಳು, ಕನ್ನಡಕ ಹಾಕಿದ್ದಳು, ಕೈಗೆ ಮೊಣಕೈತನಕ ಹಿಟ್ಟು ಮೆತ್ತಿಕೊಂಡಿತ್ತು. ಮಹೇಶ್ವರಪ್ಪ ಹೆಡ್‌ಮಾಸ್ತರರ ಹೆಸರು ಹೇಳಿ, ಮಗಳನ್ನು ಕಾಲೇಜಿಗೆ ಕಳಿಸುವ ವಿಚಾರ ಎಂದು ಮುಗಿಸುವ ಮೊದಲೇ ಅವಳ ಮುಖ ಅರಳಿ, ಕಣ್ಣು ಅವನನ್ನು ದಾಟಿ ಹಿಂದೆ ನಿಂತಿದ್ದ ಜಗದಾಂಬಳ ಮೇಲೆ ನೆಟ್ಟಿತು. 'ನೀನೇನಾ ಹುಡುಗಿ?' ಎಂದಳು.

ಜಗದಾಂಬ ಉತ್ತರ ಕೊಡಲು ತಡಮಾಡಿದಳು. ಅಷ್ಟು ತಡ ಮಾಡುವ ಮಾತಲ್ಲ ಅದು. ಕಾಲುಂಗುರ ಕಾಣುತ್ತಿತ್ತು, ತಾಳಿ ಕಾಣುತ್ತಿತ್ತು, ಅಲ್ಲ ಎನ್ನಲು ಒಂದು ಗಳಿಗೆ ಸಾಕಾಗಿತ್ತು. ಆ ತಡದೊಳಗೆ ಮಹೇಶ್ವರಪ್ಪನಿಗೆ ಅವಳು ಮಿಡಲ್ ಸ್ಕೂಲಿನ ಜಗಲಿಯಿಂದ ಫಲಿತಾಂಶ ಕೇಳಿ ಓಡಿ ಬಂದದ್ದು, ಎರಡೂ ಜಡೆ ಬಿಚ್ಚಿಹೋಗಿದ್ದದ್ದು, ಅಂಗಡಿಯ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದು ಬಿದ್ದಲ್ಲಿಂದಲೇ 'ಮೊದಲು ಬಂದೆ' ಎಂದದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಅವಳು, 'ನಾನಲ್ರಿ. ನನ್ನ ತಂಗಿ' ಎಂದಳು. ನರ್ಮದಾ, 'ಹೌದಾ, ಬನ್ನಿ, ಒಳಗೆ ಬನ್ನಿ' ಎಂದಳು. ಆದರೆ ಆ ಹೊತ್ತಿನಿಂದ ಅವಳು ಮಾತಾಡಿದ್ದೆಲ್ಲ ಜಗದಾಂಬಳ ಹತ್ತಿರವೇ.

ನರ್ಮದಾಳ ತಾಯಿ ಸತ್ಯವತಮ್ಮ ಚಾಪೆ ಹಾಸಿ, 'ಬಾಯಾರಿಕೆಗೆ ಎಂತ ಕೊಡ್ಲಿ?' ಎಂದರು. ವೀರಮ್ಮ ಕೂತಲ್ಲಿಂದಲೇ, 'ಏನೂ ಬ್ಯಾಡ್ರಿ, ಈಗ್ ಬಸ್ಸಲ್ಲಿ ಕುಡ್ದೀವಿ' ಎಂದು ಬಸ್ಸಿನಲ್ಲಿ ಯಾರೂ ಕುಡಿಯಲಾರದ್ದನ್ನು ಮಾತಿನಲ್ಲೇ ಕುಡಿದಳು. ಅವಳು ಲಿಂಗವಂತರಲ್ಲದವರ ಮನೆಯ ನೀರು ಮುಟ್ಟುವವಳಲ್ಲ. ಮಹೇಶ್ವರಪ್ಪನಿಗೆ ಸುಮ್ಮನೆ ಕೂರಲಾಗಲಿಲ್ಲ. ಏನು ನೋಡಬೇಕೆಂದು ತಿಳಿಯದೆ ಎದ್ದು ಒಂದು ಕಂಬ ತಟ್ಟಿದ. ಅಟ್ಟ ನೋಡಿದ. ಕಾಲು ತಾನಾಗಿ ಹಿತ್ತಲಿಗೆ ನಡೆಯಿತು. ಬಾವಿ ಕಂಡದ್ದೇ ಹಗ್ಗ ಹಿಡಿದು ಕೊಡಪಾನ ಇಳಿಬಿಟ್ಟ. 'ಅಯ್ಯೋ, ಇರಿ, ನಾನೇ ಸೇದಿ ಕೊಡ್ತೆ' ಎಂದು ಸತ್ಯವತಮ್ಮ ಓಡಿ ಬಂದರು. ಅವರ ದನಿಯಲ್ಲಿ ಉಪಚಾರವೂ ಇತ್ತು, ಹಗ್ಗ ಮುಟ್ಟಿದನಲ್ಲ ಎಂಬ ಸಂಕಟವೂ ಇತ್ತು. ಚಾವಡಿಯಲ್ಲಿ ಕೂತ ತನ್ನಕ್ಕ ಇವರ ನೀರು ಕುಡಿಯುವುದಿಲ್ಲ, ಇಲ್ಲಿ ನಿಂತ ಇವರು ತನ್ನ ಕೈಗೆ ಹಗ್ಗ ಕೊಡುವುದಿಲ್ಲ. ಇಬ್ಬರೂ ಮಡಿಯವರೇ, ಇಬ್ಬರೂ ಮೈಲಿಗೆಯವರೇ. ಒಳಗಿನಿಂದ ನರ್ಮದಾ ಕೂಗಿದಳು: 'ಸೇದ್ಲಿ ಬಿಡು ಆಯಿ. ಹಗ್ಗಕ್ಕೆ ಎಂತ ಆಗ್ತದೆ?' ಕೊಡಪಾನ ಆಗಲೇ ಮೇಲೆ ಬಂದಿತ್ತು. ಬಾವಿಯ ನೀರು ಎಷ್ಟು ಮೇಲಿತ್ತೆಂದರೆ ತೋಳಿಗೆ ಭಾರವೇ ತಿಳಿಯಲಿಲ್ಲ. ಅವನಿಗೆ ಖುಷಿಯಾಯಿತು. ಖುಷಿಯಾದ ಮೇಲೆ, ತುಂಬಿದ ಕೊಡಪಾನ ಹಿಡಿದು ನಿಂತವನಿಗೆ, ಇದು ಯಾರ ಬಾವಿ ಎಂಬ ಯೋಚನೆ ಬಂತು. ಸರ್ವಮಂಗಳ ಈ ಮನೆಗೆ ಬರುವವಳಲ್ಲ. ಈ ನೀರು ಸೇದುವವಳಲ್ಲ. ಅವಳು ಹೋಗುವ ಮನೆಗೆ ಬಾವಿಯೇ ಇದೆಯೋ ಇಲ್ಲವೋ. ಹಾಗಾದರೆ ತಾನು ನೋಡುತ್ತಿರುವುದು ಏನನ್ನು? ಇದನ್ನು ಯಾರಾದರೂ ಕೇಳಿದ್ದರೆ ಅವನು ಮತ್ತೊಮ್ಮೆ ಊರಿನ ನಗೆಪಾಟಲಾಗುತ್ತಿದ್ದ. ಕೇಳುವವರು ಯಾರೂ ಇಲ್ಲದ್ದರಿಂದ, ಅವನು ನೀರನ್ನು ಬದಿಯ ತೊಂಡೆ ಚಪ್ಪರದ ಬುಡಕ್ಕೆ ಸುರಿದು, ಒಬ್ಬನೇ ನಕ್ಕುಬಿಟ್ಟ.

ಒಳಗೆ ಬಂದರೆ ನೋಡುವ ಕೆಲಸ ಅವನ ಕೈಯಿಂದ ಜಾರಿ ಜಗದಾಂಬಳ ಕೈಗೆ ಹೋಗಿತ್ತು. ಅವಳು ಚಾಪೆಯ ತುದಿಗೆ ಸರಿದು ನರ್ಮದಾಳ ಎದುರಿಗೆ ಕೂತು ಕೇಳುತ್ತಿದ್ದಳು. ಅಪ್ಪ ಒಂದು ಜನ್ಮದಲ್ಲಿ ಕೇಳದ ಪ್ರಶ್ನೆಗಳು ಅವು. ಹಾಸ್ಟೆಲಿನಲ್ಲಿ ಹುಷಾರಿಲ್ಲದಿದ್ದರೆ ಮಲಗಬಹುದೋ, ಎದ್ದು ಓಡಾಡಬೇಕೋ? ತಿಂಗಳ ಮೂರು ದಿನ ಎಲ್ಲಿ ಕೂರಿಸುತ್ತಾರೆ? ಅಳು ಬಂದರೆ ಯಾರ ಹತ್ತಿರ ಹೋಗುವುದು? ಓದುತ್ತ ಕೂತಾಗ ನಡುವೆ ಯಾರಾದರೂ ಕೂಗಿ ಕರೆದು ಕೆಲಸ ಹೇಳುತ್ತಾರೋ? ನರ್ಮದಾ ಕೈಯ ಹಿಟ್ಟನ್ನು ತಿಕ್ಕಿ ಉದುರಿಸುತ್ತ ಒಂದೊಂದಕ್ಕೂ ಉತ್ತರ ಹೇಳಿದಳು. ಎಲ್ಲೂ ಕೂರಿಸುವುದಿಲ್ಲ, ಎಂದಿನ ಹಾಗೆ ಎಲ್ಲರ ಜತೆ ಪಾಠಕ್ಕೆ ಹೋಗುವುದು. ಮೊದಲ ತಿಂಗಳು ಎಲ್ಲರೂ ಅಳುತ್ತಾರೆ, ಆದ್ದರಿಂದ ಯಾರ ಹತ್ತಿರ ಬೇಕಾದರೂ ಹೋಗಬಹುದು. ಓದುತ್ತಿದ್ದವಳನ್ನು ಕೂಗಿದರೆ ಕೂಗಿದವಳಿಗೇ ವಾರ್ಡನ್ ಬೈಯುತ್ತಾರೆ. ಕಿಟಕಿಯ ಪಕ್ಕದ ಮಂಚ ಸಿಗಬೇಕಾದರೆ ಮೊದಲ ದಿನವೇ ಹೋಗಬೇಕು.

'ಊಟ?' ಎಂದಳು ಜಗದಾಂಬ.

'ಗಂಟೆ ಹೊಡೆದ್ರೆ ಊಟ.'

'ಅಲ್ರಿ. ಮೊದಲು ಯಾರು ಉಣ್ತಾರೆ?'

ನರ್ಮದಾಳಿಗೆ ಪ್ರಶ್ನೆ ತಿಳಿಯಲು ಒಂದು ಕ್ಷಣ ಬೇಕಾಯಿತು. 'ಎಲ್ಲಾ ಒಟ್ಟಿಗೆ. ಸಾಲಾಗಿ ಕೂರೋದು.'

'ಮತ್ತೆ ಬಡಿಸೋರು?'

'ಅಡುಗೆಯವರು. ಇಬ್ಬರು ಗಂಡಸರು, ಅವರೇ ಬೇಯಿಸಿ ಅವರೇ ಬಡಿಸೋದು. ಸಾಕು ಸಾಕು ಅಂದ್ರೂ ಹಾಕ್ತಾರೆ. ನಾವು ಎದ್ದ ಮೇಲೆ ಅವರು ಊಟಕ್ಕೆ ಕೂರೋದು.'

'ಗಂಡಸರು ಬಡಿಸಿ, ನಾವು ಕೂತ್ಕಂಡು, ಸಾಕು ಸಾಕು ಅನ್ನಾದು?' ಎಂದಳು ಜಗದಾಂಬ. ಅವಳ ಕಣ್ಣೆದುರು ಬಹುಶಃ ಉಡುತಡಿಯ ಮನೆಯ ಗಂಡಸರೆಲ್ಲ ಪಂಚೆ ಎತ್ತಿಕಟ್ಟಿಕೊಂಡು ಸಾರಿನ ಸೌಟು ಹಿಡಿದು ಸಾಲಿನ ಮುಂದೆ ಬಗ್ಗಿ ನಡೆದರು. ಮೊದಲು ಅವಳ ಹೆಗಲು ಅಲುಗಿತು. ಆಮೇಲೆ ನಗು ಬಂತು. ಸೆರಗು ಬಾಯಿಗೆ ಹೋಗಲಿಲ್ಲ, ಸೆರಗು ಎಲ್ಲಿದೆಯೆಂಬ ನೆನಪೇ ಅವಳಿಗಿರಲಿಲ್ಲ. ನರ್ಮದಾಳೂ ನಕ್ಕಳು; ಗುತ್ಯಪ್ಪ ಸುಳ್ಳು ಹೇಳಿರಲಿಲ್ಲ, ಹೆಂಚು ಹಾರುವ ನಗು ಅದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಇನ್ನಷ್ಟು ನಕ್ಕರು. ಮಹೇಶ್ವರಪ್ಪ ಕಂಬಕ್ಕೆ ಒರಗಿ ನಿಂತು ನೋಡಿದ. ಈ ನಗು ಅವನ ಮನೆಯದು. ಒಂದು ಕಾಲದಲ್ಲಿ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಅಂಗಡಿಯ ಮೆಟ್ಟಿಲಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ಮದುವೆಯಾದ ಮೇಲೆ ಕಾಣಲಿಲ್ಲ, ಕಾಣಲಿಲ್ಲವೆಂದು ಅವನಿಗೆ ಇಷ್ಟು ದಿನ ಹೊಳೆದಿರಲೂ ಇಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮಗಳನ್ನು ಎತ್ತಿಕೊಂಡು ಬೀದಿಯ ಕೊನೆಯತನಕ ಓಡಬೇಕೆನ್ನಿಸಿತು. ಅವಳು 'ನನ್ನ ತಂಗಿ' ಎನ್ನುವುದನ್ನು ಬಿಟ್ಟು ಯಾವಾಗಿನಿಂದಲೋ 'ನಾವು' ಎನ್ನುತ್ತಿದ್ದಳು. ಅವನು ತಿದ್ದಲಿಲ್ಲ. ಅಕ್ಕನೂ ತಿದ್ದಲಿಲ್ಲ.

'ಮದುವೆ ಆದೋರು ಇದ್ರಾ ಅಲ್ಲಿ?' ಎಂದು ಜಗದಾಂಬ ಕಣ್ಣೊರೆಸಿಕೊಳ್ಳುತ್ತ, ಏನೂ ಅಲ್ಲವೆಂಬಂತೆ ಕೇಳಿದಳು.

'ನನ್ನ ಪಕ್ಕದ ಮಂಚದೋಳಿಗೆ ಒಂದು ಮಗು ಇತ್ತು. ಎಸ್ಸೆಸ್ಸೆಲ್ಸಿ ಅವಳು ಶಾಲೆಗೆ ಹೋಗಿ ಮಾಡಿದ್ದಲ್ಲ, ಮನೇಲೇ ಓದಿ ಪ್ರೈವೇಟಾಗಿ ಕಟ್ಟಿದ್ದು. ನಮಗೆಲ್ಲ ಲೆಕ್ಕ ಅವಳೇ ಹೇಳಿಕೊಡ್ತಿದ್ಲು' ಎಂದಳು ನರ್ಮದಾ. 'ಪ್ರೈವೇಟಾಗಿ' ಎಂದು ಜಗದಾಂಬ ತನ್ನಲ್ಲೇ ಒಮ್ಮೆ ಹೇಳಿಕೊಂಡಳು.

ಆ ಹೊತ್ತಿಗೆ ಸತ್ಯವತಮ್ಮ ಅಗಲ ತಟ್ಟೆಯಲ್ಲಿ ತೊಡದೇವು ತಂದಿಟ್ಟರು. ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿ, ಕವುಚಿಟ್ಟ ಮಡಕೆಯ ಬೆನ್ನಿಗೆ ಬಳಿದು ಬೇಯಿಸಿ, ಸೀರೆಯ ಹಾಗೆ ಮಡಿಸಿದ್ದು. ಜವಳಿಯವನ ಕಣ್ಣಿಗೂ ಅಷ್ಟು ನಯದ ಬಟ್ಟೆ ಬಿದ್ದಿರಲಿಲ್ಲ. ತಾಯಿ-ಮಗಳು ಬೆಳಗಿನಿಂದ ಮಾಡುತ್ತಿದ್ದದ್ದು ಇದನ್ನೇ. ಮಹೇಶ್ವರಪ್ಪ ಗಾಬರಿಯಾದ. ಮನೆ ನೋಡಲು ಹೋದವರು ಆ ಮನೆಯಲ್ಲಿ ಸಿಹಿ ತಿನ್ನುವುದಿಲ್ಲ. ನೋಡುತ್ತಾರೆ, ಎಲೆ-ಅಡಿಕೆಯನ್ನೂ ಮುಟ್ಟದೆ ಎದ್ದು, ಹೇಳಿಕಳಿಸುತ್ತೇವೆ ಎಂದು ಹೊರಡುತ್ತಾರೆ. ಯಾರೊಬ್ಬರು ಬಾಯಿ ಸಿಹಿ ಮಾಡಿಕೊಂಡರೂ ಮನೆ ಒಪ್ಪಿದ ಹಾಗೆ. ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡವರಿಗೆ ನಾಲ್ಕು ಜನರ ನಡುವೆ ಮುಖವಿಲ್ಲ. ಉಡುತಡಿಯಲ್ಲಿ ಅವನೇ ಅವಸರಪಟ್ಟು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಿದ್ದ. ಇಲ್ಲಿ ಈ ಬ್ರಾಹ್ಮಣ ಹೆಂಗಸಿಗೆ ಅದನ್ನು ಹೇಗೆ ಹೇಳುವುದು? ಹೇಳಿದರೆ, ನಿಮ್ಮ ಮಗಳನ್ನು ಈ ಮನೆಗೆ ಯಾರು ಕೇಳಿದರು ಎಂದರೆ? ಬಸ್ಸಿಗೆ ಹೊತ್ತಾಯಿತು ಎನ್ನೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಚರ್ ಎಂಬ ಸದ್ದಾಯಿತು.

ಜಗದಾಂಬ ತೊಡದೇವು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಹಾಕಿಕೊಂಡ ಮೇಲೆ ನೆನಪಾಯಿತು. ತುಟಿಯ ಮೇಲೆ ಸಿಹಿಯ ಪುಡಿ ಹಾಗೆಯೇ ಇದ್ದು, ಅಗಿಯಲೂ ಆಗದೆ ಉಗಿಯಲೂ ಆಗದೆ ಅವಳು ಸೋದರತ್ತೆಯ ಕಡೆ ನೋಡಿದಳು. ಮಹೇಶ್ವರಪ್ಪನೂ ನೋಡಿದ. ವೀರಮ್ಮ ಗೋಡೆಗೆ ಒರಗಿ ಕೂತಿದ್ದಳು, ರೊಟ್ಟಿಯ ಗಂಟು ಮಡಿಲಲ್ಲೇ ಇತ್ತು. ಬೀದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಜಡೆಯ ಬಸ್ಸು ಹೊರಡಲು ಜನ ಕರೆಯುತ್ತಿತ್ತು. ಅಕ್ಕ ಈಗ ಏನಾದರೂ ಹೇಳುತ್ತಾಳೆ, ಹುಡುಗಿ ತಿಳಿಯದೆ ತಿಂದಳು, ಅದು ಲೆಕ್ಕಕ್ಕಿಲ್ಲ ಎನ್ನುತ್ತಾಳೆ ಎಂದು ಅವನು ಕಾದ. ಹಾಗಂದರೆ ಈ ಸಲ ಎದುರು ಮಾತಾಡಬೇಕೆಂದೂ, ನಲವತ್ತೈದು ವರ್ಷದಲ್ಲಿ ಎಂದೂ ಮಾಡದ್ದನ್ನು ಈ ಚಾಪೆಯ ಮೇಲೆ ಮಾಡಬೇಕೆಂದೂ ಮೈ ಬಿಗಿ ಹಿಡಿದ.

'ಅಗಿಯವ್ವ, ಅಗಿ' ಎಂದಳು ವೀರಮ್ಮ. 'ಗಂಟಲಿಗೆ ಸಿಕ್ಕಂಡೀತು.'

'ಅಕ್ಕಾ, ಜಡೆ ಬಸ್ಸು...' ಎಂದ ಮಹೇಶ್ವರಪ್ಪ.

'ಜಡೆಗ್ ಯಾಕೋ? ಒಂದು ಹುಡುಗೀಗೆ ಎರಡು ಮನೇಲಿ ಬಾಯಿ ಸಿಹಿ ಮಾಡ್ಕಂತಾರೇನೋ? ನಮ್ಮ ಅಪ್ಪ ಅಂಥ ಪದ್ಧತಿ ಕಲಿಸ್ಯಾನೇನು?' ಅವಳು ಗದರಿದ್ದು ನೋಡಿದರೆ ಜಡೆಗೆ ಹೋಗೋಣ ಎಂದವನು ಅವನೇ ಎನ್ನಬೇಕು. ಆಮೇಲೆ ಸತ್ಯವತಮ್ಮನ ಕಡೆ ತಿರುಗಿ, 'ನಾನು ಹೊರಗೆ ತಿನ್ನಂಗಿಲ್ರಿ ತಾಯಿ, ತಪ್ಪು ತಿಳೀಬ್ಯಾಡ್ರಿ. ಹುಡುಗೀಗೆ ಒಂದೆರಡು ಕಟ್ಟಿ ಕೊಡ್ರಿ' ಎಂದಳು. ಸತ್ಯವತಮ್ಮನಿಗೆ ಏನು ಒಪ್ಪಿಗೆಯಾಯಿತೋ ತಿಳಿಯಲಿಲ್ಲ, ಆದರೆ ಏನೋ ಒಪ್ಪಿಗೆಯಾಯಿತೆಂದು ತಿಳಿದು, ಬಾಳೆಲೆಯಲ್ಲಿ ಹತ್ತು ಕಟ್ಟಿದರು. ಮಹೇಶ್ವರಪ್ಪ ತಟ್ಟೆಯಿಂದ ಒಂದನ್ನು ತೆಗೆದು ಇಡಿಯಾಗಿ ಬಾಯಿಗೆ ತುಂಬಿಕೊಂಡ. ಅದು ನಾಲಿಗೆಯ ಮೇಲೆ ಇಲ್ಲವಾಯಿತು. ಜಡೆಯ ಬಸ್ಸು ಇನ್ನೊಮ್ಮೆ ಹಾರನ್ ಹೊಡೆದು, ಬೀದಿಯ ಧೂಳೆಬ್ಬಿಸಿ ಹೋಯಿತು.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಬಾಳೆಲೆಯ ಪೊಟ್ಟಣ ಒಡೆಯದಂತೆ ವೀರಮ್ಮ ಅದನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದಿದ್ದಳು. ಯಾವ ಆಪ್ಷನಲ್ಲು, ಶಿವಮೊಗ್ಗವೋ ಮೈಸೂರೋ, ಹಾಸ್ಟೆಲಿಗೆ ಯಾವ ದಿನ ಹೋದರೆ ಕಿಟಕಿಯ ಮಂಚ ಸಿಕ್ಕೀತು ಎಂದು ಮಹೇಶ್ವರಪ್ಪ ಪಕ್ಕದ ಅಪರಿಚಿತನಿಗೂ ಸೇರಿಸಿ ಮಾತಾಡುತ್ತಿದ್ದ. ಜಗದಾಂಬ ಮಾತ್ರ ಹೊರಗಿನ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತಿದ್ದಳು. ಗಂಡನ ಮನೆ ಹತ್ತಿರ ಬಂದ ಹಾಗೆ ಅವಳ ನಗು ಮತ್ತೆ ಮರೆಯಾಗುತ್ತಿರುವುದು ಅವನಿಗೆ ಕಂಡಿತು. ಚಿಕ್ಕವಳಿಗೆ ಬಾಗಿಲು ತೆಗೆದ ಸಡಗರದಲ್ಲಿ ದೊಡ್ಡವಳನ್ನು ಅವಳ ಆಳದ ಬಾವಿಯ ಬಳಿ ಇಳಿಸಿ ಹೋಗುತ್ತಿದ್ದೇನೆ ಎನ್ನಿಸಿತು. ಉಡುತಡಿಯಲ್ಲಿ ಬಸ್ಸು ನಿಂತಿತು. ಅವಳು ಸೋದರತ್ತೆಯ ಕಾಲು ಮುಟ್ಟಿ, ಅಪ್ಪನಿಗೆ ಬರ್ತೀನಿ ಎಂದು ಇಳಿದಳು. ಇಳಿದವಳು ಹೋಗಲಿಲ್ಲ. ಕಂಡಕ್ಟರು ಸೀಟಿ ಊದಿದ, ಬಸ್ಸು ಅಲುಗಿತು, ಅವಳು ಬಸ್ಸಿನ ಜತೆ ನಾಲ್ಕು ಹೆಜ್ಜೆ ಓಡಿ ಬಂದು ಕಿಟಕಿಯ ತಗಡನ್ನು ಅಂಗೈಯಿಂದ ಬಡಿದಳು.

'ಅಪ್ಪಾಜೀ! ನಾಲ್ಕನೇ ಫಾರಮ್ಮಿನ ಪುಸ್ತಕ ಯಾರಿಗೂ ಕೊಡಬ್ಯಾಡ ಅಂತ ಸರ್ವೀಗೆ ಹೇಳು. ನಂಗ್ ಬೇಕು!'

ಬಸ್ಸಿನವರೆಲ್ಲ ಕತ್ತು ಹೊರಳಿಸಿದರು. ರಸ್ತೆಯ ಬದಿಯಲ್ಲಿ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಅವಳ ಊರಿನವರೂ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ.

'ಎಲ್ಲಾನೂ?' ಎಂದು ಮಹೇಶ್ವರಪ್ಪ ತಲೆ ಹೊರಗೆ ಹಾಕಿ ಕೂಗಿದ.

'ಎಲ್ಲಾನೂ! ಲೆಕ್ಕದ್ದು ಮೊದಲು!'

'ಅವಳ ಅತ್ತೆ ಹತ್ರ ನಾನು ಮಾತಾಡ್ತೀನಿ. ನೀನು ತಲೆ ಒಳಗ್ ತಗೋ, ಗಾಡಿ ಬರ್ತಾವೆ' ಎಂದು ವೀರಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ತಲೆ ಒಳಗೆ ತೆಗೆದುಕೊಳ್ಳಲಿಲ್ಲ. ನಾನೇ ತಂದು ಕೊಡ್ತೀನವ್ವಾ ಎಂದು ಕೂಗಿದ. ಬಸ್ಸು ಆಗಲೇ ದೂರ ಬಂದಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೂಗಿದ.